ಲೈನು ಕೊಡುವ ವೆಂಕಟರವಣಪ್ಪನವರು
ಶಿಡ್ಲಘಟ್ಟದ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ವೆಂಕಟರವಣಪ್ಪನವರಿಗೆ ಊರಿನ ಗುಟ್ಟೆಲ್ಲ ಗೊತ್ತಿತ್ತು. ಆದರೆ ಅವರ ಬಾಯಿಂದ ಹೊರಬೀಳುತ್ತಿದ್ದದ್ದು ‘ನಂಬರ್ ಹೇಳಿ’ ಎಂಬ ಮಾತೊಂದೇ. ಬೆಳಿಗ್ಗೆ ಕರಿಕೋಟು ತೊಟ್ಟು ಲೈನು ಜೋಡಿಸುವ ಬೋರ್ಡಿನ ಮುಂದೆ ಕೂತು ಕಿವಿಗೆ ಹೆಡ್‌ಫೋನು ಏರಿಸಿದರೆಂದರೆ, ರೇಷ್ಮೆ ವ್ಯಾಪಾರಿಗಳಿಗೆ ಬೆಂಗಳೂರು ಸಿಕ್ಕಿತೆಂದೇ ಲೆಕ್ಕ. ಸಂಜೆ ಹೋಟೆಲಿನಲ್ಲಿ ಯಾರಾದರೂ ದೋಸೆ ಕೊಡಿಸಿ, “ಏನಣ್ಣಾ, ಬೆಂಗಳೂರಲ್ಲಿ ರೇಷ್ಮೆ ರೇಟು ಏನಂತೆ?” ಎಂದು ಮೆಲ್ಲಗೆ ಕೇಳಿದರೆ, ಅವರು ದೋಸೆ ಮುಗಿಸಿ, “ಚಟ್ನಿಗೆ ಉಪ್ಪು ಕಮ್ಮಿ” ಎಂದು ಎದ್ದುಬಿಡುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವರ ಬುದ್ಧಿಮಾತೂ ಇಷ್ಟೇ: “ಲೈನು ಸೇರಿಸಿದ ಮೇಲೆ ಮಾತು ಕೇಳಿಸೋ ಕೀ ಮುಚ್ಚಿಬಿಡು ಕಣಪ್ಪ. ಅಷ್ಟರೊಳಗೆ ಕಿವಿಗೆ ಬಿದ್ದಿದ್ದು ನಿಂದಲ್ಲ.” ಹೆಂಡತಿ ಅಶ್ವತ್ಥಮ್ಮನವರು, “ಊರಿನ ಸುದ್ದಿ ನನಗೆ ಬಾವಿ ಹತ್ರಾನೇ ಸಿಗಬೇಕು” ಎಂದು ಗೊಣಗುತ್ತಲೇ ಇದ್ದರು. ಒಂದು ಮಧ್ಯಾಹ್ನ, ಚಿಂತಾಮಣಿಯ ಲೈನು ಸರಿಯಾಗಿ ಹಿಡಿಯಿತೇ ಎಂದು ವೆಂಕಟರವಣಪ್ಪನವರು ಕಿವಿಗೊಟ್ಟಾಗ, ಆ ಕಡೆಯಿಂದ ಬೀಗರಾಗಬೇಕಿದ್ದವರೇ ಮದುವೆಯ ಮಧ್ಯಸ್ಥರಿಗೆ ಹೇಳುತ್ತಿದ್ದರು: “ನಮಗೆ ಬೇರೆ ಕಡೆ ಹೆಣ್ಣು ಗೊತ್ತಾಯ್ತು. ಭಾನುವಾರ ಆಪರೇಟರ್ ಮನೆಗೆ ಹೋಗಿ ತಿಳಿಸಿಬಿಡಿ.” ಅವರು ಬೇಡವೆಂದದ್ದು ವೆಂಕಟರವಣಪ್ಪನವರ ಒಬ್ಬಳೇ ಮಗಳು ಸುಗುಣಳನ್ನು. ವೆಂಕಟರವಣಪ್ಪನವರು ಕೀ ಮುಚ್ಚಿದರು. ಭಾನುವಾರದವರೆಗೆ ಹೆಂಡತಿಯ ಮುಂದೆ ಕೂಡ ತುಟಿ ಬಿಚ್ಚಲಿಲ್ಲ. ಆ ಮಾತು ಕಿವಿಗೆ ಬಿದ್ದ ದಿನವೇ ಸಂಜೆ ಮನೆಗೆ ಹೋದಾಗ ಸುಗುಣ ಮದುವೆಗೆಂದು ತಂದ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. “ಈ ಬಣ್ಣ ನಂಗೆ ಒಪ್ಪುತ್ತಾ ಅಪ್ಪಾ?” ಎಂದಳು. “ತುಂಬ ಒಪ್ಪುತ್ತೆ ಕಣಮ್ಮ” ಎಂದು ಕೋಟನ್ನೂ ಬಿಚ್ಚದೆ ಪಕ್ಕದಲ್ಲಿ ಕೂತವರು, ಅವಳ ಕೈಗೆ ಒಂದೊಂದೇ ಎಳೆ ಬಿಡಿಸಿ ಕೊಡತೊಡಗಿದರು.