ಬಳ್ಳಿಯಡಿಯ ಗಾಜು

ಕೆಲವು ವರ್ಷಗಳ ಹಿಂದೆ ನಾನು ಸೇಡಂನಲ್ಲಿ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜೂನಿಯರ್ ಎಂಜಿನಿಯರ್. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಜಾತಿ. "ಕೀಲಿ ಜಗ್ಗಿ ಜಗ್ಗಿ ನೋಡಿ ಕೀಲೀನೇ ಮುರದಾರ ಇವರು" ಎಂದು ಹೆಂಡತಿ ನೆರೆಯವರಿಗೆಲ್ಲ ಹೇಳಿದ್ದಳು. ಅಂಥ ನಾನೇ ಒಂದು ಗೋಡೆಯನ್ನು ಬರೀ ಫೋಟೊ ನೋಡಿ ಪಾಸು ಮಾಡಿದೆ.

ರಾವೂರ ಕಡೆಯ ಒಂದು ಶಾಲೆ. ಅಡುಗೆಕೋಣೆಯ ಉದ್ದನೆಯ ಗೋಡೆ ಶಹಾಬಾದ ಕಲ್ಲಿನದು: ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಅಡ್ಡಕಲ್ಲುಗಳನ್ನು ಕಟ್ಟಿದವರು ಹಾಕಿರಲೇ ಇಲ್ಲ. ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಕೂರಿಸಿದೆ. ಇದಕ್ಕೆ ಟೆಲ್‌ಟೇಲ್ ಎನ್ನುತ್ತೇವೆ; ಗೋಡೆ ಸ್ವಲ್ಪ ಸರಿದರೂ ಗಾಜು ಒಡೆಯುತ್ತದೆ. ಅಡುಗೆಯ ಶರಣಮ್ಮನಿಗೆ, "ಒಡದ್ರ ತಿಳಸ್ರಿ" ಎಂದೆ. ಫೋನ್ ನಂಬರ್ ಕೊಡಲು ಮರೆತೆ.

ಗೋಡೆ ಕೆಡವಬೇಕೆಂದು ವರದಿ ಬರೆದೆ. ನನ್ನ ಮೇಲಧಿಕಾರಿ ಅದನ್ನು ಮಡಚಿಟ್ಟರು. "ಸದ್ಯ ಕೆಡವೋದು ಬ್ಯಾಡ. ಬಳ್ಳಿ ಹಬ್ಬಸ್ರಿ. ವಿಸಿಟ್‌ಗೆ ಬರೋ ಮ್ಯಾಲಿನವರಿಗೆ ಛಲೋ ಕಾಣ್ತದ." ವರ್ಷವಿಡೀ ಹಸಿರಾಗಿದ್ದು, ಬೇರಿನಿಂದಲೇ ಗೋಡೆ ಕಚ್ಚಿಕೊಳ್ಳುವ ಬಳ್ಳಿಯನ್ನು ನರ್ಸರಿಯಿಂದ ತರಿಸಿದರು. ಎರಡು ಮಳೆಗಾಲದಲ್ಲಿ ಬಿರುಕೂ ಮುಚ್ಚಿತು, ಗಾಜೂ ಮುಚ್ಚಿತು. ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳ ಧೂಳು ಎಲೆಯನ್ನು ಹಸಿರಾಗಿರಲು ಬಿಡುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹೆಡ್‌ಮಾಸ್ತರು ಪೈಪು ಹಿಡಿಸಿ ಬಳ್ಳಿಯನ್ನು ತೊಳೆಸುತ್ತಿದ್ದರು. ಆ ನೀರೆಲ್ಲ ಗೋಡೆಯ ಹೊಟ್ಟೆಗೆ ಇಳಿಯುತ್ತಿತ್ತು. ಅವರು ನನ್ನ ಫೋನಿಗೆ ಕಳಿಸಿದ ಫೋಟೊದಲ್ಲಿ ಎಲೆಗಳು ಮಿಂಚುತ್ತಿದ್ದವು. ಹೋಗಿ ನೋಡದೆ, ತಪಾಸಣೆ ವರದಿಗೆ 'ಸ್ಥಿತಿ ಉತ್ತಮ' ಎಂದು ಸಹಿ ಹಾಕಿದೆ.

ವಿಸಿಟ್‌ನ ಹಿಂದಿನ ದಿನ ಅಲ್ಲಿಗೆ ಹೋದೆ. ಮಕ್ಕಳು ಬಳ್ಳಿಯ ತಂಪಿಗೆ ಅದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಊಟಕ್ಕೆ ಕೂತಿದ್ದರು. ಶರಣಮ್ಮ ಒಂದು ಹಳೆಯ ಡಬ್ಬಿ ತಂದು ನನ್ನ ಕೈಗಿಟ್ಟಳು. ಒಳಗೆ ಗಾಜಿನ ಚೂರು.

"ನಿಮ್ಮ ಗಾಜು ದೀಪಾವಳಿಗೇ ಒಡದದರಿ. ಕಸ ಹೊಡಿವಾಗ ಸಿಕ್ತು. ಮಕ್ಕಳ ಕಾಲಿಗೆ ಚುಚ್ಚಬಾರದಂತ ಎತ್ತಿಟ್ಟೀನಿ. ಹೆಡ್‌ಮಾಸ್ತರಿಗೆ ಹೇಳಿದೆ. ವಿಸಿಟ್ ಆಗ್ಲಿ ಅಂದ್ರು."

ನಾನು ಎಲೆಯೊಳಗೆ ಕೈ ಹಾಕಿದೆ. ಬಿರುಕಿನಲ್ಲಿ ನನ್ನ ನಾಲ್ಕೂ ಬೆರಳು ಹೋದವು. ಒದ್ದೆ ಮಣ್ಣು ಹತ್ತಿತು.

ಮಕ್ಕಳನ್ನು ತಟ್ಟೆ ಸಮೇತ ಎಬ್ಬಿಸಿ ವರಾಂಡಕ್ಕೆ ಕಳಿಸಿ, ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ.

"ನೀ ಮೊದಲೇ ಅಂಜುಬುರುಕ. ನಾಳಿ ಒಂದಿನ ಸುಮ್ಮನಿರು ಮಾರಾಯ," ಎಂದರು.

"ನಾಳಿ ಇಲ್ಲೇ ಉಣ್ಣಾಕ ನಿಮ್ಮ ಮಕ್ಕಳನ್ನ ಕಳಸ್ತೀರೇನ್ರಿ?"

ಫೋನ್ ಕಟ್ಟಾಯಿತು. ಹಗ್ಗ ಕಟ್ಟಿಸಿ ಯಾರೂ ಬಾರದಂತೆ ಮಾಡಿ, ಕಲ್ಲುಗಣಿಯ ಇಬ್ಬರು ಕೆಲಸಗಾರರನ್ನು ಕರೆಸಿದೆ. ಅವರು ಬಳ್ಳಿಯ ಬುಡ ಕಡಿದು, ದೂರ ನಿಂತು ಹಗ್ಗದಿಂದ ಜಗ್ಗಿದರು. ಹೊರಸಾಲಿನ ಕಲ್ಲುಗಳೆಲ್ಲ ಬಳ್ಳಿಯ ಜೊತೆಗೇ ಬಂದು ಬಿದ್ದವು, ಸರಿಯಾಗಿ ಮಕ್ಕಳು ಊಟಕ್ಕೆ ಕೂತಿದ್ದ ಜಾಗದ ಮೇಲೆ. ಅಲ್ಲಿ ಬಿಟ್ಟುಹೋಗಿದ್ದ ಒಂದು ಸ್ಟೀಲ್ ಲೋಟ ಚಪ್ಪಟೆಯಾಗಿತ್ತು.

ವಾರದಲ್ಲಿ ನನಗೆ ನೋಟಿಸ್ ಬಂತು. ಗೋಡೆಯ ಬಗ್ಗೆ ಅಲ್ಲ, 'ಶಾಲೆಯ ಹಸಿರನ್ನು ಅನುಮತಿಯಿಲ್ಲದೆ ನಾಶಪಡಿಸಿದ' ಬಗ್ಗೆ. ಉತ್ತರದಲ್ಲಿ ಮೊದಲು ಗೋಡೆ ನೋಡದೆ ಹಾಕಿದ ನನ್ನ ಸಹಿಯನ್ನು ಒಪ್ಪಿಕೊಂಡೆ. ಆಮೇಲೆ ಆ ಲೋಟವನ್ನು ಲಕೋಟೆಯಲ್ಲಿಟ್ಟು ಲಗತ್ತಿಸಿದೆ. ಮತ್ತೆ ಯಾರೂ ಏನೂ ಕೇಳಲಿಲ್ಲ. ಆ ಸುಮ್ಮನಿರುವಿಕೆಗೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗ್ಯಾಸ್ ನೋಡಲು ಈಗಲೂ ಮನೆಗೆ ಮರಳುತ್ತೇನೆ, ನಗುವವರು ನಗಲಿ. ಆದರೆ ಎಲೆಯ ಹಿಂದೆ ಕೈ ಹಾಕದೆ ಯಾವ ಗೋಡೆಗೂ ಸಹಿ ಹಾಕುವುದಿಲ್ಲ. ಹೋದ ಕಡೆಯೆಲ್ಲ ಮೊದಲು ಅಡುಗೆಯವರಿಗೆ ನನ್ನ ನಂಬರ್ ಬರೆದುಕೊಡುತ್ತೇನೆ.