ಎಲೆಅಡಿಕೆ ಚೀಲದಲ್ಲಿದ್ದ ಪಂಪು

ಮೊದಲು ಕೆಮ್ಮು ಬಂದದ್ದು ನನಗೆ. ಆಮೇಲೆ ಎದೆಯಲ್ಲಿ ಸೀಟಿ. ಚಳ್ಳಕೆರೆಯ ಡಾಕ್ಟರಮ್ಮ ಆಸ್ತಮಾ ಎಂದು ಹೇಳಿ ಇನ್‌ಹೇಲರ್ ಬರೆದುಕೊಟ್ಟರು. ನಮ್ಮಲ್ಲಿ ಅದಕ್ಕೆ ಪಂಪು ಅಂತಾರೆ. ಪಂಪು ಹಿಡಿದವರ ಕಥೆ ಮುಗಿಯಿತು ಅಂತಲೂ ಅಂತಾರೆ. ಇಂಥ ದಡ್ಡರ ಬಾಯಿಗೆ ಹೆದರಿ ಎರಡು ವರ್ಷ ಅದನ್ನು ಎಲೆಅಡಿಕೆ ಚೀಲದಲ್ಲಿ ಬಚ್ಚಿಟ್ಟೆ. ಉಸಿರು ಕಟ್ಟಿದರೆ ಹಿತ್ತಲಿಗೆ ಹೋಗಿ ಎಳೆದುಕೊಂಡು ಬರುತ್ತಿದ್ದೆ. ಎಲೆ ಉಗುಳಲು ಹೋದೆ ಅಂದುಕೊಳ್ಳುತ್ತಿದ್ದರು ಮನೆಯವರು.

ಈ ಚಳಿಗಾಲದಲ್ಲಿ ಮೊಮ್ಮಗಳು ಚೈತ್ರಾಳಿಗೂ ಅದೇ ಸೀಟಿ. ಒಂಬತ್ತು ವರ್ಷದ ಹುಡುಗಿ. ಅವಳಿಗೂ ಪಂಪು ಬರೆದರು. ರಾಂಪುರದಿಂದ ಬಂದಿದ್ದ ನನ್ನ ನಾದಿನಿ ಓಬವ್ವ ಮೂಗು ಮುರಿದಳು.

“ಹೆಣ್ಣುಡ್ಗಿ ಕೈಗೆ ಪಂಪ್ ಕೊಟ್ರೆ ನಾಳೆ ಯಾವನು ಮದ್ವೆ ಆಗ್ತಾನೆ? ಶುಂಠಿ ಕಷಾಯ ಸಾಕು.”

ಓಬವ್ವನಿಗೆ ಗೊತ್ತಿಲ್ಲದ ರೋಗವಿಲ್ಲ. ವಾಸಿ ಮಾಡಿದ್ದು ಮಾತ್ರ ಒಂದೂ ಇಲ್ಲ.

ಸೊಸೆ ನನ್ನ ಮುಖ ನೋಡಿದಳು. “ಅತ್ತೆ, ನೀವೇನಂತೀರಿ?”

ಸೊಂಟದ ಚೀಲದ ಮೇಲೆ ಕೈಯಿಟ್ಟುಕೊಂಡೇ ಹೇಳಿದೆ: “ಓಬವ್ವ ಹೇಳೋದೂ ಸರಿ ಐತೆ ಬಿಡವ್ವ.”

ಪಂಪು ತರಲಿಲ್ಲ.

ನಾಲ್ಕನೇ ದಿನ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದೆವು. ಚೈತ್ರಾ ಸಿಪ್ಪೆಯ ರಾಶಿಯಲ್ಲಿ ಕುಣಿದು ಧೂಳೆಬ್ಬಿಸಿದಳು. ಇದ್ದಕ್ಕಿದ್ದಂತೆ ಕೂತುಬಿಟ್ಟಳು. ಕುತ್ತಿಗೆಯ ಗುಳಿ ಒಳಕ್ಕೆ ಎಳೆಯುತ್ತಿತ್ತು. “ಅಜ್ಜಿ” ಅನ್ನಲು ಹೋದಳು, ಅರ್ಧವೇ ಬಂತು. ಓಬವ್ವ ಕಷಾಯ ಕಾಯಿಸಲು ಓಡಿದಳು.

ತುಟಿ ನೀಲಿಯಾಗಿತ್ತು.

ಚೀಲವನ್ನು ಎಲ್ಲರ ಮುಂದೆ ಸುರಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಕಡ್ಡಿಪುಡಿ ತಂಬಾಕು, ಪಂಪು. ಪಂಪಿಗೆ ಮೆತ್ತಿದ್ದ ಪುಡಿ ಕೊಡವಿ, ಸೆರಗಿನಿಂದ ಒರೆಸಿ ಅವಳ ಬಾಯಿಗಿಟ್ಟು ಒತ್ತಿದೆ. “ಎಳಕೋ ನನ್ನವ್ವ, ಎಳಕೋ.” ಮಗ ಆಟೋ ತಂದ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿ ಬಹಳ ಹೊತ್ತಾದ ಮೇಲೆ ಪೂರ್ತಿ “ಅಜ್ಜಿ” ಬಂತು.

ಡಾಕ್ಟರಮ್ಮ ನನ್ನ ಪಂಪನ್ನು ಮೇಜಿಗೆ ಕುಟ್ಟಿದರು. ಇನ್ನಷ್ಟು ಕಡ್ಡಿಪುಡಿ ಉದುರಿತು.

“ಅಜ್ಜೀ, ಔಷಧಿ ಜೊತೆ ತಂಬಾಕೂ ಎಳೀತಿದ್ರಾ?”

ಇಬ್ಬರಿಗೂ ಎರಡೆರಡು ಹೊಸ ಪಂಪು ಬರೆದರು. ಒಂದು ಉಸಿರು ಕಟ್ಟಿದಾಗ, ಇನ್ನೊಂದು ಚೆನ್ನಾಗಿದ್ದರೂ ದಿನಾ. ಹುಡುಗಿಗೆ ಪಂಪಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆಯೂ ಬಂತು.

ಮನೆಗೆ ಬಂದರೆ ಓಬವ್ವ ಕಷಾಯದ ಲೋಟ ಹಿಡಿದು ನಿಂತಿದ್ದಳು. “ಅಲ್ಲ ಅತ್ತಿಗೆ, ನಿಂಗೂ ಪಂಪಾ?”

“ಹೂಂ ಕಣೇ. ನಂಗೇನು ಇನ್ನು ಮದ್ವೆ ಆಗ್ಬೇಕಾ?”

ಓಬವ್ವನನ್ನು ಬೈಯುವುದು ಸುಲಭ. ಅವಳಿಗೆ ತಿಳಿದಿರಲಿಲ್ಲ. ಎಲ್ಲ ತಿಳಿದೂ “ಸರಿ ಐತೆ” ಎಂದ ಮುದುಕಿಯನ್ನು ಬೈಯಲು ನನ್ನಂಥವಳ ಬಾಯಿಗೂ ಮಾತು ಸಾಲದು.

ಈಗ ಬೆಳಿಗ್ಗೆ ಇಬ್ಬರೂ ಬೀದಿಯ ಕಟ್ಟೆಯ ಮೇಲೆ ಕೂತೇ ಎಳೆದುಕೊಳ್ಳುತ್ತೇವೆ. ನೋಡುವವರು ನೋಡಲಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಚೈತ್ರಾ ನನಗಿಂತ ದೂರ ಉಗುಳುತ್ತಾಳೆ. ಅಷ್ಟು ಉಸಿರಿದೆ ಅವಳಲ್ಲಿ. ಸದ್ಯಕ್ಕೆ ಸಾಕು.