ಧರ್ಮಕ್ಕೆ ಸಿಕ್ಕಿದ ಪುಸ್ತಕ

ಬರೆದವರೇ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಪಠ್ಯಪುಸ್ತಕಗಳು ವರ್ಷಗಳಿಂದ ಇಂಟರ್ನೆಟ್ಟಿನಲ್ಲಿವೆ. ಅವು ಕದ್ದ ಮಾಲಲ್ಲ, ಗುಜರಿಯೂ ಅಲ್ಲ. ಗೊತ್ತಿರಬೇಕಾದ ಇಷ್ಟು ಸಂಗತಿ ನಮಗೆ ಗೊತ್ತಿಲ್ಲದೆ ಕೆದಂಬಾಡಿಯ ದಮಯಂತಿಯ ಒಂದು ವರ್ಷ ಮಣ್ಣುಪಾಲಾಯಿತು.

ದಮಯಂತಿಗೆ ಮೂವತ್ತೆಂಟು. ಹದಿನಾಲ್ಕು ವರ್ಷದಿಂದ ಊರಿನ ಹಾಲಿನ ಸೊಸೈಟಿಯಲ್ಲಿ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ನೋಡುವ ಕೆಲಸ. ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ಯಾವ ಮನೆಯ ಹಾಲೆಂದು ಹೇಳಿಯಾಳು. ಸೆಕ್ರೆಟರಿ ಡೊಂಬಯ್ಯಣ್ಣ ಮಾರ್ಚಿಗೆ ನಿವೃತ್ತರಾಗುವವರಿದ್ದರು.

"ಡಿಗ್ರಿ ಒಂದು ತಾ ಮಾರಾಯ್ತಿ, ಈ ಕುರ್ಚಿ ನಿನಗೇ" ಎಂದಿದ್ದರು.

ಅದಕ್ಕೇ ಅವಳು ಆನ್‌ಲೈನ್ ಬಿ.ಕಾಂ. ಸೇರಿದ್ದು. ಕೊನೆಗೆ ಉಳಿದದ್ದು ಸಹಕಾರ ಸಂಘಗಳ ಮೇಲೊಂದು ಪ್ರಾಜೆಕ್ಟ್. ಎಲ್ಲರೂ ಓದುವ ದಪ್ಪ ಗೈಡು ಅವಳ ತಲೆಗೆ ಹತ್ತಲಿಲ್ಲ. ಹುಡುಕುವಾಗ ಉಚಿತ ಪುಸ್ತಕವೊಂದು ಸಿಕ್ಕಿತು, ಕನ್ನಡದ್ದೇ. ಬೆಳಗಿನ ಹಾಲು ಹೋಗಿ ಸಂಜೆಯದ್ದು ಬರುವವರೆಗೆ ಮೊಬೈಲಿನಲ್ಲಿ ಅದನ್ನೇ ಓದಿದಳು. ತಾನು ದಿನಾ ಮಾಡುವ ಕೆಲಸದ ಅರ್ಥ ಅವಳಿಗೆ ಮೊದಲ ಬಾರಿ ಆದದ್ದು ಆಗ. ಮೊದಲ ಪುಟದಲ್ಲೇ ಬರೆದಿತ್ತು: ಎಷ್ಟು ಬೇಕಾದರೂ ಬಳಸಿ, ಪುಸ್ತಕದ ಹೆಸರು ಹೇಳಿ.

ಖುಷಿಯಿಂದ ಅದನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಜೊತೆಗೆ ಓದುವ ಜಾಲ್ಸೂರಿನ ಸುಪ್ರಿತಾ ಕೂಡಲೇ ಧ್ವನಿಸಂದೇಶ ಕಳಿಸಿದಳು.

"ಅಕ್ಕ, ದುಡ್ಡಿಲ್ಲದೆ ಧರ್ಮಕ್ಕೆ ಸಿಕ್ಕಿದ್ದು ಓದಿ ಪಾಸಾಗುದುಂಟಾ? ನೀರು ಹಾಕಿದ ಹಾಲು ನಿಮಗೆ ಗೊತ್ತಾಗ್ತದೆ, ಇದು ಗೊತ್ತಾಗುದಿಲ್ವಾ?"

ಗುಂಪಿನ ತುಂಬ ನಗು. ದಮಯಂತಿ ತಾನು ಹಾಕಿದ್ದನ್ನು ಅಳಿಸಿದಳು. ಪುಸ್ತಕದ ಎರಡು ಪುಟ ಹಾಗೆಯೇ ಪ್ರಾಜೆಕ್ಟಿಗೆ ಇಳಿಸಿದ್ದಳು; ಅದರ ಕೆಳಗೆ ಈಗ ಗೈಡಿನ ಹೆಸರು ಬರೆದಳು. ಮರ್ಯಾದೆಗೆ.

ಮೌಖಿಕ ಪರೀಕ್ಷೆ ಮೊಬೈಲಿನಲ್ಲೇ. ಪರದೆಯಲ್ಲಿ ಗಾನಶ್ರೀ ಎಂಬ ಉಪನ್ಯಾಸಕಿ.

"ಈ ಎರಡು ಪುಟ ಎಲ್ಲಿಯದ್ದು?"

"ಗೈಡಿಂದು ಮೇಡಂ."

"ಆ ಗೈಡಿನಲ್ಲಿ ಈ ಅಧ್ಯಾಯವೇ ಇಲ್ಲವಲ್ಲ ದಮಯಂತಿಯವರೇ. ಇದು ನಾವು ನಾಲ್ಕು ಜನ ಸೇರಿ ಬರೆದದ್ದು, ನಿಮ್ಮಂಥವರಿಗೇ ಅಂತ. ಅದರ ಹೆಸರು ಹಾಕ್ಲಿಕ್ಕೆ ಎಂತ ಆಗಿತ್ತು?"

ದಮಯಂತಿ ತಲೆ ತಗ್ಗಿಸಿದಳು. "ಫ್ರೀ ಅಲ್ವಾ ಮೇಡಂ... ನಾಚಿಕೆ ಆಯ್ತು."

ಆ ಕಡೆ ಗಾನಶ್ರೀ ಎತ್ತಿದ ಪೆನ್ನನ್ನು ಒಮ್ಮೆ ಕೆಳಗಿಟ್ಟರು. ಆದರೆ ನಿಯಮ ನಿಯಮವೇ. ಸುಳ್ಳು ಮೂಲ ಕೊಟ್ಟರೆ ನಕಲು, ನಕಲಿಗೆ ಸೊನ್ನೆ. ಮತ್ತೆ ಬರೆಯಬೇಕಾದರೆ ಬರುವ ವರ್ಷ.

ಮಾರ್ಚಿನಲ್ಲಿ ಡೊಂಬಯ್ಯಣ್ಣನ ಕುರ್ಚಿಗೆ ಹರಿಪ್ರಸಾದ ಎಂಬವ ಬಂದ. ಡಿಗ್ರಿ ಉಂಟು, ಹಾಲು ಗೊತ್ತಿಲ್ಲ. ದಮಯಂತಿ ಅವನಿಗೆ ಕೆಲಸ ಕಲಿಸುತ್ತಿದ್ದಾಳೆ.

ಅದೇ ವಾರ ಸುಪ್ರಿತಾಳ ಖಾಸಗಿ ಸಂದೇಶ ಬಂತು: "ಅಕ್ಕ, ನಾನೂ ಓದಿದ್ದು ಅದನ್ನೇ. ಸಾರಿ. ಯಾರಿಗೂ ಹೇಳ್ಬೇಡಿ ಆಯ್ತಾ."

ದಮಯಂತಿ ಹೇಳಲಿಲ್ಲ. ಕದ್ದುಮುಚ್ಚಿ ಓದಿ, ಎದುರಿಗೆ ನಕ್ಕು, ಪಾಸಾದವರು ಆ ಗುಂಪಿನಲ್ಲಿ ಇನ್ನೆಷ್ಟು ಮಂದಿಯೋ. ನೀವೂ ಅಂಥ ಉಚಿತ ಪುಸ್ತಕ ಓದಿದವರಾದರೆ, ಇವತ್ತೇ, ನಿಮ್ಮ ತರಗತಿಯ ಗುಂಪಿನಲ್ಲಿ, ಎಲ್ಲರಿಗೂ ಕಾಣುವಂತೆ ಆ ಪುಸ್ತಕದ ಹೆಸರು ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.